ಹೆಬ್ಬಾಗಿಲ ಮೃಗ

"ನೋಡಿದವರ ಎದೆ ಝಲ್ಲೆನ್ನುವಂಥ ಮುಖ ಮಾಡುವುದು ಹೇಗೆ, ಗುರುಗಳೇ?"

ಕೇಳಿದವಳು ವಿನುತಾ. ಕೆಲವು ವರ್ಷಗಳ ಹಿಂದೆ ಅವಳು ಇದೇ ಗುರುಗಳ ಬಳಿ ಮಣ್ಣು ಮೆತ್ತಿ, ಕಲ್ಲು ಕೊರೆದು ಶಿಲ್ಪ ಕಲಿತವಳು. ಈಗ ಅವಳ ಕೈಯಲ್ಲಿ ಉಳಿಯಿಲ್ಲ. ಕಂಪ್ಯೂಟರಿನಲ್ಲಿ ಆಡುವ ಆಟಗಳಿಗೆ ಮನುಷ್ಯರನ್ನೂ ಮೃಗಗಳನ್ನೂ ರೂಪಿಸಿಕೊಡುವುದು ಅವಳ ಉದ್ಯೋಗ. ಸದ್ಯದ ಆಟದಲ್ಲಿ ಹಳೆಯ ಕಾಲದ ರಾಜರಿದ್ದಾರೆ, ಮಾಟಗಾರರಿದ್ದಾರೆ, ಬೆಟ್ಟದ ಮೇಲೊಂದು ಕೋಟೆಯಿದೆ. ಆ ಕೋಟೆಯ ಬಾಗಿಲ ಮೇಲೆ ಮಳೆನೀರು ಉಗುಳುವ ಕಲ್ಲಿನ ಮೃಗವೊಂದು ಕೂರಬೇಕು. ಪಶ್ಚಿಮ ದೇಶಗಳ ಹಳೆಯ ಕಟ್ಟಡಗಳ ಮೇಲೆ ಇರುತ್ತವಲ್ಲ, ಗಾರ್ಗಾಯ್ಲ್ ಎನ್ನುತ್ತಾರೆ, ಅಂಥದ್ದು. ಆಡುವವನು ಅದನ್ನು ಕಂಡ ಕೂಡಲೇ ಕಾಲು ಹಿಂದೆಗೆಯಬೇಕು ಎಂಬುದು ಅವಳಿಗೆ ಬಂದ ಅಪ್ಪಣೆ.

ಅವಳು ಮಾಡಿದ್ದಳು. ಜೊತೆಗೆ ಕೆಲಸ ಮಾಡುವವರು ನೋಡಿ ನಕ್ಕರು. ಕೊಂಬು ಹೆಚ್ಚಿಸಿ ಮತ್ತೆ ತೋರಿಸಿದಳು. ಇನ್ನೂ ಹೆಚ್ಚು ನಕ್ಕರು. ಇನ್ನೊಮ್ಮೆ ನಕ್ಕರೆ ಆ ಮೃಗ ಬೇರೆಯವರ ಕೈಗೆ ಹೋಗುತ್ತದೆ. ಅವಳು ಫೋನನ್ನು ಗುರುಗಳ ಮುಂದೆ ಹಿಡಿದಳು. ಗುರುಗಳು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಹಲ್ಲು ಚೆನ್ನಾಗಿದೆ," ಎಂದರು.

ಮದುವೆ ಊಟದಲ್ಲಿ ಎಲೆ ಚೆನ್ನಾಗಿತ್ತು ಎಂದ ಹಾಗಾಯಿತು. ವಿನುತಾ ಫೋನನ್ನು ಮಡಿಲಲ್ಲಿ ಕವುಚಿ ಇಟ್ಟುಕೊಂಡು ತಲೆ ತಗ್ಗಿಸಿದಳು. ಗುರುಗಳು ಈ ಕತೆ ಹೇಳಿದರು.

ಒಂದು ಸೀಮೆಯಲ್ಲಿ ಒಬ್ಬ ಪಾಳೆಯಗಾರನಿದ್ದ. ಬೋಳು ಬಂಡೆಗಳ ಬೆಟ್ಟದ ಮೇಲೆ ಅವನೊಂದು ಕೋಟೆ ಕಟ್ಟಿಸಿದ. ಗೋಡೆ ಎದ್ದಿತು, ಕೊತ್ತಲಗಳು ಎದ್ದವು, ಹೆಬ್ಬಾಗಿಲಿಗೆ ಕಬ್ಬಿಣದ ಮೊಳೆ ಹೊಡೆದ ಕದಗಳು ಬಂದವು. ಆದರೂ ಪಾಳೆಯಗಾರನಿಗೆ ಸಮಾಧಾನವಿಲ್ಲ. ಹೆಬ್ಬಾಗಿಲ ನೆತ್ತಿಯಲ್ಲಿ, ಗೋಡೆಯ ಮೇಲಿನ ಮಳೆನೀರು ಹೊರಕ್ಕೆ ಬೀಳುವ ಕಡೆ, ಒಂದು ಮೃಗದ ಮುಖ ಬೇಕೆಂದ. ನೀರು ಅದರ ಬಾಯಿಂದ ಸುರಿಯಬೇಕು. ಕಂಡವರು ನಡುಗಬೇಕು. ಯುದ್ಧಕ್ಕೆ ಬಂದವನು ಯುದ್ಧ ಮರೆತು ಮನೆಯ ದಾರಿ ಹಿಡಿಯಬೇಕು.

ಆ ಸೀಮೆಯಲ್ಲಿ ಶಿಲ್ಪಿ ಎಂದರೆ ಒಬ್ಬನೇ. ಅವನ ಅಪ್ಪ, ಅಪ್ಪನ ಅಪ್ಪ, ಎಲ್ಲರೂ ಕಲ್ಲಿನವರೇ. ದೇವರನ್ನು ಕೆತ್ತುತ್ತಿದ್ದ, ಬಸವನನ್ನು ಕೆತ್ತುತ್ತಿದ್ದ, ಕೇಳಿದವರಿಗೆ ಬೀಸುಕಲ್ಲನ್ನೂ ಕಡೆದುಕೊಡುತ್ತಿದ್ದ. ಕೆಲಸದಲ್ಲಿ ಎತ್ತಿದ ಕೈ. ಅದು ಊರಿಗೆಲ್ಲ ಗೊತ್ತಿತ್ತು. ಅವನಿಗೆ ಊರಿಗಿಂತ ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು.

"ಹೆದರಿಸೋ ಮುಖ ತಾನೇ ಬುದ್ಧಿ? ಅದಕ್ಕೇನಂತೆ!" ಎಂದು ಪಾಳೆಯಗಾರನಿಗೆ ಕೈಮುಗಿದು ಬಂದ.

ಒಳ್ಳೆಯ ಕಲ್ಲು ತರಿಸಿದ. ಚಪ್ಪರದ ನೆರಳಲ್ಲಿ ಅದನ್ನು ಅಂಗಾತ ಮಲಗಿಸಿಕೊಂಡು ಕೆತ್ತಲು ಕೂತ. ಸಿಂಹದ ಕೇಸರ ಕೆತ್ತಿದ. ಹಂದಿಯ ಕೋರೆ ಇಟ್ಟ. ಟಗರಿನ ಕೊಂಬು ಸುತ್ತಿಸಿದ. ಹಾವಿನ ನಾಲಿಗೆ, ಮೊಸಳೆಯ ಮೈ, ಬಾವಲಿಯ ರೆಕ್ಕೆ, ಹದ್ದಿನ ಉಗುರು. ಸಂತೆಗೆ ಮೊದಲ ಸಲ ಹೋದವನು ಕಂಡದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡ ಹಾಗೆ ತುಂಬಿದ. ಕಲ್ಲಿನಲ್ಲಿ ಜಾಗ ಮುಗಿಯಿತು, ಅವನ ಆಸೆ ಮುಗಿಯಲಿಲ್ಲ.

ಕೊನೆಗೆ ಕಣ್ಣು ಉಳಿಯಿತು. ಆ ಶಿಲ್ಪಿಯ ಮನೆತನದಲ್ಲಿ ಒಂದು ಪದ್ಧತಿ ಇತ್ತು. ವಿಗ್ರಹವನ್ನು ಅದು ಇರಬೇಕಾದ ಜಾಗದಲ್ಲಿ ನಿಲ್ಲಿಸಿದ ಮೇಲೆಯೇ ಕಣ್ಣು ತೆರೆಸಬೇಕು. ಜಾಗ ಬದಲಾದರೆ ನೋಟ ಬದಲಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಶಿಲ್ಪಿ ಅದನ್ನು ಮರೆತಿರಲಿಲ್ಲ. ಆದರೆ ಇದೇನು ದೇವರೇ, ಗೋಡೆಗೆ ಸಿಕ್ಕಿಸುವ ಗೊಂಬೆ ತಾನೇ, ಎಂದುಕೊಂಡ. ಚಪ್ಪರದಲ್ಲೇ ಕಣ್ಣು ತೆರೆಸಿಬಿಟ್ಟ. ಎದ್ದು ನಿಂತು, ಕೆಳಗೆ ಮಲಗಿದ್ದ ಮುಖವನ್ನು ಮೇಲಿನಿಂದ ನೋಡಿದ. ಅವನ ಮೈಯೇ ಜುಮ್ಮೆಂದಿತು. ಹೆತ್ತವರಿಗೆ ಹೆಗ್ಗಣ ಮುದ್ದು.

ಮೃಗವನ್ನು ಹೆಬ್ಬಾಗಿಲಿಗೆ ಏರಿಸಿದರು. ಪಾಳೆಯಗಾರ ಪರಿವಾರದೊಡನೆ ಬಂದ. ಪೇಟೆಯ ಜನ ಮಕ್ಕಳು ಮರಿಗಳೊಂದಿಗೆ ಬಂದು ಬಾಗಿಲ ಮುಂದೆ ಕಿಕ್ಕಿರಿದರು. ಮುಚ್ಚಿದ್ದ ಬಟ್ಟೆಯನ್ನು ಎಳೆದರು.

ಮೇಲಿನಿಂದ ನೋಡಿದಾಗ ಗುರ್ರೆನ್ನುತ್ತಿದ್ದ ತುಟಿ ಕೆಳಗಿನಿಂದ ನೋಡಿದಾಗ ಹಲ್ಲುಕಿರಿಯುತ್ತಿತ್ತು. ಸಿಟ್ಟಿನಿಂದ ಕಿರಿದಾಗಿದ್ದ ಕಣ್ಣು ಸಂತೋಷದಿಂದ ಕಿರಿದಾದಂತೆ ಕಾಣುತ್ತಿತ್ತು. ಜನ ಕತ್ತೆತ್ತಿ ನೋಡಿದರು. ಆಮೇಲೆ ಗುಂಪಿನ ನಡುವಿನಿಂದ ಒಂದು ದನಿ ಬಂತು.

"ಅಯ್ಯೋ, ನಮ್ ಶಾನುಭೋಗ್ರು ಒಬ್ಬಟ್ಟು ಕಂಡಂಗೈತಲ್ಲಪ್ಪೋ!"

ಅಷ್ಟು ಸಾಕಾಯಿತು. ನಗು ಬಾಗಿಲ ಮುಂದಿನಿಂದ ಬೆಟ್ಟದ ಬುಡದವರೆಗೆ ಹರಿಯಿತು. ಶಾನುಭೋಗರು ಮೊದಲು ಸಿಟ್ಟಾದರು, ಆಮೇಲೆ ಮೇಲೆ ನೋಡಿದರು, ಆಮೇಲೆ ಅವರೂ ನಕ್ಕರು. ನೀರು ಹೇಗೆ ಬೀಳುತ್ತದೆಂದು ತೋರಿಸಲು ಆಳುಗಳು ಗೋಡೆಯ ಮೇಲೆ ಕೊಡಗಳನ್ನು ಸುರಿದರು. ನೀರು ಹಿಗ್ಗಿದ ತುಟಿಯಂಚಿನಿಂದ ಸಣ್ಣಗೆ ಇಳಿಯಿತು. "ಜೊಲ್ಲು! ಜೊಲ್ಲು!" ಎಂದು ಮಕ್ಕಳು ಕುಣಿದರು.

ಪಾಳೆಯಗಾರ ಮಾತ್ರ ನಗಲಿಲ್ಲ. ಶಿಲ್ಪಿಯನ್ನು ಹತ್ತಿರ ಕರೆದ. "ಮುಂದಿನ ಮಳೆಗಾಲ ಹಿಡಿಯುವುದರೊಳಗೆ ಇನ್ನೊಂದು ಮುಖ ಏರಬೇಕು. ಆಗಲೂ ಜನ ನಕ್ಕರೆ ನಿನ್ನ ಉಳಿ ಸುತ್ತಿಗೆಗಳೆಲ್ಲ ಕೋಟೆಯ ಬಾವಿಗೆ. ನೀನಾಗಲಿ ನಿನ್ನ ಮಕ್ಕಳಾಗಲಿ ನನ್ನ ಸೀಮೆಯಲ್ಲಿ ಮತ್ತೆ ಕಲ್ಲು ಮುಟ್ಟುವಂತಿಲ್ಲ."

ಶಿಲ್ಪಿ ಮನೆಗೆ ಬಂದ. ಕಲ್ಲು ಸರಿಯಿರಲಿಲ್ಲ ಎಂದ. ಗೋಡೆ ಎತ್ತರವಾಯಿತು ಎಂದ. ಏರಿಸಿದವರು ಓರೆಯಾಗಿ ಕೂರಿಸಿದರು ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು ಮುದ್ದೆ ಬಡಿಸಿದಳು. ಮೂಲೆಯಲ್ಲಿ ಅವನ ಅಜ್ಜನ ಉಳಿಗಳಿದ್ದವು, ಸಾಣೆ ಹಿಡಿದು ಹಿಡಿದು ಬೆರಳುದ್ದಕ್ಕೆ ಸವೆದಿದ್ದವು. ಅವು ಬಾವಿಯ ತಳಕ್ಕೆ ಹೋಗುವುದನ್ನು ನೆನೆದಾಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಕಲ್ಲು ಬಿಟ್ಟರೆ ಅವನಿಗೆ ಬೇರೆ ಏನೂ ಬರುತ್ತಿರಲಿಲ್ಲ.

ಹೆದರಿದವನು ಸ್ವಲ್ಪ ಬುದ್ಧಿವಂತನಾಗುತ್ತಾನೆ. ಎರಡನೆಯ ಕಲ್ಲನ್ನು ಅವನು ಮಲಗಿಸಲಿಲ್ಲ. ಎತ್ತರದ ಅಟ್ಟಣೆ ಕಟ್ಟಿ ಅದರ ಮೇಲೆ ಕೂರಿಸಿದ. ನಾಲ್ಕು ಏಟು ಹೊಡೆಯುವುದು, ಇಳಿದು ಬಂದು ನೆಲದಿಂದ ನೋಡುವುದು, ಮತ್ತೆ ಹತ್ತುವುದು. ಮಂಡಿ ನೋವು ಬಂತು, ಆದರೆ ಹಲ್ಲುಕಿರಿತ ಹೋಯಿತು. ಆ ಮುಖವನ್ನು ಯಾವ ಕಡೆಯಿಂದ ನೋಡಿದರೂ ಅದು ಸಿಟ್ಟಿನ ಮುಖವೇ ಆಗಿತ್ತು.

ಸಿಟ್ಟಿನ ಮುಖ, ಅಷ್ಟೇ. ಹೆದರಿಕೆ ಹುಟ್ಟಲಿಲ್ಲ. ಅವನ ಹೆಂಡತಿ ನೋಡಿದಳು. "ನಗು ಬರಾಕಿಲ್ಲ," ಎಂದಳು. ಇನ್ನೊಮ್ಮೆ ನೋಡಿ, "ಏನೂ ಬರಾಕಿಲ್ಲ," ಎಂದಳು. ಶಿಲ್ಪಿ ಸುತ್ತಿಗೆ ಕೆಳಗಿಟ್ಟ.

ಪಾಳೆಯಗಾರನ ಬೋನಿನಲ್ಲಿ ಒಂದು ಹುಲಿಯಿತ್ತು. ಶಿಲ್ಪಿ ಹೋಗಿ ಅದರ ಮುಂದೆ ಕೂತ. ಹುಲಿ ಅವನನ್ನು ನೋಡಿತು, ಆಕಳಿಸಿತು, ನೊಣ ಅಟ್ಟಿತು, ಮಗ್ಗುಲು ಬದಲಿಸಿ ಮಲಗಿತು. ಅದರ ಬಾಯಲ್ಲಿ ಇವನು ಕೆತ್ತಿದ ಹಲ್ಲುಗಳೆಲ್ಲ ಇದ್ದವು. ಉಗುರುಗಳೂ ಇದ್ದವು. ಬೋನಿನ ಕಾವಲುಗಾರ ಕಂಬಿಗೆ ಒರಗಿ ತೂಕಡಿಸುತ್ತಿದ್ದ. ಅಲ್ಲಿ ಯಾರಿಗೂ ಯಾರ ಹೆದರಿಕೆಯೂ ಇದ್ದಂತೆ ಕಾಣಲಿಲ್ಲ.

ಹಿಂದಿರುಗುವಾಗ ಬಿಸಿಲು ಜೋರಾಗಿತ್ತು. ಕುಂಬಾರರ ಕೇರಿಯಲ್ಲಿ ಒಂದು ಮನೆಯ ಮುಂದೆ ಗಾಡಿ ನಿಂತಿತ್ತು. ಅದರ ನೆರಳಲ್ಲಿ ಕೂರೋಣವೆಂದು ಶಿಲ್ಪಿ ಬಗ್ಗಿದ.

ಗಾಡಿಯ ಕೆಳಗೆ ಒಂದು ಹೇಂಟೆ ಕೋಳಿ ಇತ್ತು.

ಅದು ಕೂಗಲಿಲ್ಲ. ಎದ್ದು ನಿಂತಿತು. ಮೈಗರಿಯೆಲ್ಲ ನಿಗುರಿತು, ರೆಕ್ಕೆಗಳು ನೆಲ ಮುಟ್ಟುವ ಹಾಗೆ ಅಗಲವಾದವು, ಕತ್ತು ತಗ್ಗಿತು. ಒಂದು ಕಣ್ಣು ಅವನ ಮೇಲೆ ನೆಟ್ಟಿತು. ಶಿಲ್ಪಿ ಇನ್ನೊಂದು ಅಂಗುಲ ಬಗ್ಗಿದ. ಮುಂದಿನದು ಅವನಿಗೆ ನೆನಪಿಲ್ಲ. ನೆನಪಾಗುವ ಹೊತ್ತಿಗೆ ಅವನು ಬೀದಿಯ ಆಚೆ ಬದಿಯಲ್ಲಿದ್ದ. ಪಂಚೆ ಬೇಲಿಗೆ ಸಿಕ್ಕಿ ಹರಿದಿತ್ತು, ಹೆಗಲ ಮೇಲಿದ್ದ ವಸ್ತ್ರ ಎಲ್ಲೋ ಬಿದ್ದಿತ್ತು.

ಕುಂಬಾರಗಿತ್ತಿ ಜಗಲಿಯ ಮೇಲೆ ಕೂತು ನೋಡುತ್ತಿದ್ದಳು. ಅವಳಿಗೆ ನಗು ತಡೆಯಲಾಗಲಿಲ್ಲ.

"ಹುಲಿ ಕೆತ್ತೋ ಆಚಾರ್ರು ಹೇಂಟೆಗೆ ಹೆದ್ರಿ ಓಡಿದ್ರಲ್ಲ!"

"ಅದಕ್ಕೇನು ಗಾಳಿ ಗೀಳಿ ಹೊಡೆದದೆಯೇನಮ್ಮ?" ಎಂದ ಶಿಲ್ಪಿ, ಏದುಸಿರು ಬಿಡುತ್ತ.

"ಎಂಥ ಗಾಳಿ? ಮೊನ್ನೆ ಮೊನ್ನೆವರ್ಗೂ ನನ್ ಪೊರಕೆ ಸದ್ದಾದ್ರೆ ಹಿತ್ಲು ದಾಟ್ತಿತ್ತು. ಈಗ ಮರಿ ಆಗವೆ. ನಾನೇ ದೂರದಿಂದ ಕಾಳು ಎರಚ್ತೀನಿ."

ಶಿಲ್ಪಿ ಬೀದಿಯ ಆಚೆಯೇ ಕೂತ. ಹರಿದ ಪಂಚೆಯನ್ನೂ ಮರೆತ, ಬಿಸಿಲನ್ನೂ ಮರೆತ. ಅವನಿಗೆ ಮೊದಲು ನಾಚಿಕೆಯಾಗಿತ್ತು. ನಾಚಿಕೆ ಹೋಗಿ ಆಶ್ಚರ್ಯ ಬಂತು. ಒಂದು ಹಿಡಿ ಗಾತ್ರದ ಜೀವ. ಕೊಂಬಿಲ್ಲ, ಕೋರೆಯಿಲ್ಲ. ಕೊಕ್ಕು ಅವನ ಕಿರುಬೆರಳಿನ ಉಗುರಿನಷ್ಟು. ಅವನು ಮನಸ್ಸು ಮಾಡಿದ್ದರೆ ಒಂದು ಕೈಯಲ್ಲಿ ಹಿಡಿದು ಎತ್ತಬಹುದಿತ್ತು. ಅದು ಅವನಿಗೂ ಗೊತ್ತಿತ್ತು, ಬಹುಶಃ ಹೇಂಟೆಗೂ ಗೊತ್ತಿತ್ತು. ಆದರೂ ಅವನು ಓಡಿದ. ಈಗ ಮತ್ತೆ ಹೋಗು ಎಂದರೂ ಅವನು ಹೋಗುತ್ತಿರಲಿಲ್ಲ.

ನೆರಳು ಉದ್ದವಾಗುವ ತನಕ ಅವನು ನೋಡಿದ. ಹೇಂಟೆ ಒಂದು ಸಲವೂ ಮರಿಗಳ ಕಡೆ ತಿರುಗಲಿಲ್ಲ. ಆದರೆ ಮರಿಗಳು ಯಾವ ಕಡೆ ಸರಿದರೂ ಅದರ ಮೈ ಆ ಕಡೆಗೆ ಅಡ್ಡ ಬರುತ್ತಿತ್ತು. ಒಂದು ಜಾಗದಿಂದ ಮುಂದಕ್ಕೆ ಅದು ಬರುತ್ತಿರಲಿಲ್ಲ. ಆ ಜಾಗದಿಂದ ಹಿಂದಕ್ಕೂ ಹೋಗುತ್ತಿರಲಿಲ್ಲ. ಭಾರವೆಲ್ಲ ಹಿಂದಕ್ಕೆ ಊರಿದ ಕಾಲಿನ ಮೇಲಿತ್ತು. ಹಾದು ಹೋದ ನಾಯಿಯೊಂದು ಅದರ ಕಣ್ಣು ಕಂಡು, ತನಗೆ ಬೇರೆ ಕೆಲಸವಿದೆ ಎಂಬಂತೆ ದಾರಿ ಬದಲಿಸಿತು.

ಮರುದಿನ ಶಿಲ್ಪಿ ಎರಡನೆಯ ಮೃಗವನ್ನು ಅಟ್ಟಣೆಯಿಂದ ಇಳಿಸಿ ಹೊಸ ಕಲ್ಲು ಏರಿಸಿದ. ಈ ಸಲ ಅವನು ಮುಖದಿಂದ ಶುರುಮಾಡಲಿಲ್ಲ. ಹಿಂದಿನಿಂದ ಶುರುಮಾಡಿದ, ಗೋಡೆಯೊಳಗೆ ಹುದುಗಿಹೋಗುವ ಭಾಗದಿಂದ.

ಅಲ್ಲಿ ಮೊದಲು ಮರಿಗಳನ್ನು ಕೆತ್ತಿದ. ಯಾವ ಪ್ರಾಣಿಯ ಮರಿಗಳೆಂದು ಹೇಳಲು ಬರುತ್ತಿರಲಿಲ್ಲ. ಮರಿಗಳೆಂಬುದು ಮಾತ್ರ ಕುರುಡನಿಗೂ ಕೈಯಾಡಿಸಿದರೆ ತಿಳಿಯುವಂತಿತ್ತು. ಒಂದು ನಿದ್ದೆಮಾಡುತ್ತಿತ್ತು. ಇನ್ನೊಂದು ತಾಯಿಯ ಹೊಟ್ಟೆಗೆ ಮೂಗು ಒತ್ತಿಕೊಂಡಿತ್ತು. ಮತ್ತೊಂದು ಒಡಹುಟ್ಟಿದ್ದರ ಕಿವಿಯ ಮೇಲೆ ಪಾದವಿಟ್ಟು ಕೊಬ್ಬು ತೋರಿಸುತ್ತಿತ್ತು. ಮಳೆನೀರು ಹರಿಯುವ ಕಾಲುವೆ ಆ ಜಾಗದಲ್ಲೇ ಹಾದು ಮೃಗದ ಬಾಯಿಗೆ ಹೋಗಬೇಕಿತ್ತು. ಶಿಲ್ಪಿ ಕಾಲುವೆಯನ್ನು ನೇರವಾಗಿ ಕೊರೆಯಲಿಲ್ಲ. ಮರಿಗಳನ್ನು ಬಳಸಿಕೊಂಡು, ಒಂದು ಹನಿಯೂ ಅವುಗಳಿಗೆ ತಾಕದ ಹಾಗೆ ಬಾಗಿಸಿ ಕೊರೆದ. ಆ ಬಾಗಿಗೇ ಅವನ ಹೊತ್ತಿನ ಬಹುಪಾಲು ಹಿಡಿಯಿತು.

ಗೋಡೆ ಕಟ್ಟುವ ಮೇಸ್ತ್ರಿ ಬಂದು ನೋಡಿದ. "ಇದು ಗೋಡೆ ಒಳಗೆ ಹೋಗೋ ಕಲ್ಲು ಆಚಾರ್ರೇ. ಮೇಲೆ ಚಪ್ಪಡಿ ಮುಚ್ತೀವಿ. ಎಲೆ ಕಸ ತೆಗೆಯೋಕೆ ಯಾವತ್ತಾದ್ರೂ ಆಳು ಚಪ್ಪಡಿ ಎತ್ತಿದ್ರೆ ಉಂಟು, ಇಲ್ದಿದ್ರೆ ಇಲ್ಲ. ದಿನ ಹತ್ರ ಬಂದದೆ, ಮುಖ ನೋಡ್ಕೊಳ್ಳಿ."

"ಮುಖ ಬರ್ತದೆ," ಎಂದ ಶಿಲ್ಪಿ.

ಅದು ಬಂದ ರೀತಿ ಅವನಿಗೇ ಸೋಜಿಗ. ಮರಿಗಳಾದ ಮೇಲೆ ಅವುಗಳ ಮೇಲೆ ಬಗ್ಗಿದ ಹೊಟ್ಟೆ ಬಂತು. ಹೊಟ್ಟೆ ಹಾಗೆ ಬಗ್ಗಿದರೆ ಹಿಂಗಾಲು ಹೀಗೇ ಊರಬೇಕು. ಹಿಂಗಾಲು ಹೀಗೆ ಊರಿದರೆ ಬೆನ್ನು ಹೀಗೇ ಏಳಬೇಕು. ಕೊಂಬು ಇಡಲು ಹೋದ, ಕೈ ತಡೆಯಿತು. ಮರಿಗಳ ಮೈ ನೆಕ್ಕಲು ಕತ್ತು ತಿರುಗಿಸಿದರೆ ಕೊಂಬು ಮರಿಗೇ ಚುಚ್ಚುತ್ತದೆ. ಕೊಂಬು ಬಿಟ್ಟ. ರೆಕ್ಕೆಗಳನ್ನು ಹಾರುವುದಕ್ಕೆ ಬಿಚ್ಚಲಿಲ್ಲ, ಹಿಂದಕ್ಕೆ ಮಡಿಸಿ ಗೂಡಿನ ಮಾಡು ಮಾಡಿದ. ಬಾಯಿಯನ್ನು ಅಗಲವಾಗಿ ತೆರೆಸಲಿಲ್ಲ. ನೀರು ಬರುವಷ್ಟು ತೆರೆಸಿದ, ಹಲ್ಲು ಅರ್ಧ ಕಂಡಿತು. ಅವನು ಒಂದೊಂದೇ ತೆಗೆಯುತ್ತ ಹೋದ ಹಾಗೆ ಮೃಗ ಬೆಳೆಯುತ್ತ ಹೋಯಿತು. ಬದುಕಿಡೀ ಕಲ್ಲಿಗೆ ತಾನು ಹೇಳುತ್ತ ಬಂದಿದ್ದೆ, ಈಗ ಕಲ್ಲು ಹೇಳುತ್ತಿದೆ ಎಂದು ಅವನಿಗೆ ಅನಿಸಿತು. ಅವನ ಕಣ್ಣಲ್ಲಿ ನೀರು ಬಂತು, ಕಲ್ಲಿನ ಪುಡಿಯಿಂದ ಅಲ್ಲ.

ಕಣ್ಣು ಮಾತ್ರ ಮುಟ್ಟಲಿಲ್ಲ. ಕಣ್ಣಿಲ್ಲದ ಮೃಗವನ್ನೇ ಹೆಬ್ಬಾಗಿಲಿಗೆ ಏರಿಸಿ ಗೋಡೆಗೆ ಸೇರಿಸಿದರು. ಹಿಂದಿನ ಗೂಡಿನ ಮೇಲೆ ಚಪ್ಪಡಿ ಮುಚ್ಚಿದರು.

ದೇವರ ವಿಗ್ರಹಕ್ಕೆ ಕಣ್ಣು ತೆರೆಸುವಾಗ ಶಿಲ್ಪಿ ಎದುರಿಗೆ ಕನ್ನಡಿ ಹಿಡಿಸುತ್ತಾನೆ. ಮೊದಲ ನೋಟದ ಉರಿ ಮನುಷ್ಯನ ಮೇಲೆ ಬೀಳಬಾರದು, ದೇವರು ಮೊದಲು ತನ್ನನ್ನೇ ನೋಡಿಕೊಳ್ಳಲಿ ಎಂದು. ಈ ಸಲ ಜಾಗದ ಪದ್ಧತಿಯನ್ನು ಪಾಲಿಸಿದ ಶಿಲ್ಪಿ ಕನ್ನಡಿಯನ್ನು ಬೇಕೆಂದೇ ಬಿಟ್ಟ. ಇದು ಕಾವಲಿಗೆ ಕೂತ ಪ್ರಾಣಿ, ಇದು ತನ್ನನ್ನು ನೋಡಿಕೊಂಡು ಏನು ಮಾಡಬೇಕು, ಬಂದವರನ್ನು ನೋಡಲಿ ಎಂದುಕೊಂಡ. ಬೆಳಗಿನ ಹೊತ್ತು ಒಬ್ಬನೇ ಅಟ್ಟಣೆ ಏರಿದ. ಆ ಗಳಿಗೆಯಲ್ಲಿ ಬಂದವನು ತಾನೊಬ್ಬನೇ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಬಲಗಣ್ಣು ತೆರೆಸಿದ. ಎಡಗಣ್ಣಿಗೆ ಕೊನೆಯ ಏಟು ಹೊಡೆದು, ಪುಡಿ ಊದಿ, ಮುಖ ಎತ್ತಿದ.

ಅದು ಅವನನ್ನು ನೋಡುತ್ತಿತ್ತು.

ಪ್ರತಿಯೊಂದು ಗೆರೆಯನ್ನೂ ಹಾಕಿದ್ದು ತಾನು. ಆ ಹಲ್ಲು ಕಲ್ಲಿನದು, ಆ ಪಾಪೆ ತನ್ನ ಉಳಿಯ ಮೊನೆಯಷ್ಟು ಆಳದ ಒಂದು ಕುಳಿ. ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಅವನು ಒಂದು ಹೆಜ್ಜೆ ಹಿಂದೆ ಸರಿದ. ಆ ಕಣ್ಣಿಗೆ ಅವನು ಶಿಲ್ಪಿಯಲ್ಲ, ಮರಿಗಳ ಹತ್ತಿರ ಬಂದ ಯಾರೋ ಒಬ್ಬ. ಉಳಿಯನ್ನು ಮೆಲ್ಲಗೆ ಸೊಂಟಕ್ಕೆ ಸಿಕ್ಕಿಸಿಕೊಂಡ, ಸದ್ದು ಮಾಡಲಿಲ್ಲ. ಬೆನ್ನು ತಿರುಗಿಸದೆ, ಕಾಲಿನಿಂದ ಮೆಟ್ಟಿಲು ತಡಕುತ್ತ, ಹಿಂದುಮುಂದಾಗಿ ಏಣಿ ಇಳಿದ.

"ಏನಾಯ್ತು ಆಚಾರ್ರೇ?" ಎಂದ ಮೇಸ್ತ್ರಿ.

"ಏಣಿ ತೆಗೀರಪ್ಪ," ಎಂದ ಶಿಲ್ಪಿ.

ಪಾಳೆಯಗಾರ ಬರುವ ದಿನ ಪೇಟೆಯ ಜನ ನಗಲು ಸಿದ್ಧರಾಗಿಯೇ ಬಂದರು. ಈ ಸಲ ಅದು ಯಾರ ಹಾಗಿರುತ್ತದೆ ಎಂದು ಮಾತಾಡಿಕೊಂಡರು. ಶಾನುಭೋಗರು ಸ್ವಲ್ಪ ದೂರದಲ್ಲೇ ನಿಂತರು. ಮುಂಗಾರಿನ ಮೊದಲ ಮೋಡ ಬೆಟ್ಟದ ಮೇಲೆ ಕವಿದಿತ್ತು. ಬಟ್ಟೆ ಎಳೆಯುವುದಕ್ಕೂ ಹನಿ ಬೀಳುವುದಕ್ಕೂ ಸರಿಹೋಯಿತು.

ಯಾರೂ ನಗಲಿಲ್ಲ. ಯಾರೂ ಕೂಗಲೂ ಇಲ್ಲ. ಮಳೆ ಜೋರಾಯಿತು. ಗೋಡೆಯ ನೀರೆಲ್ಲ ಕೂಡಿ ಮೃಗದ ಬಾಯಿಂದ ಧೋ ಎಂದು ಸುರಿಯಿತು. ಜನ ತೊಯ್ದು ತೊಪ್ಪೆಯಾದರು. ಹತ್ತಿರದಲ್ಲಿ ಮಳೆಗೆ ಮರೆ ಎಂದರೆ ಹೆಬ್ಬಾಗಿಲ ಕಮಾನು ಒಂದೇ. ಒಬ್ಬರೂ ಅದರಡಿಗೆ ಹೋಗಲಿಲ್ಲ. ತಾಯಂದಿರು ಮಕ್ಕಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಒಬ್ಬ ಮುದುಕ ತಲೆಯ ಮೇಲಿದ್ದ ಕಂಬಳಿಯ ಗೊಪ್ಪೆಯನ್ನು ತೆಗೆದು ಕೈಯಲ್ಲಿ ಹಿಡಿದು ನಿಂತ, ಯಾಕೆಂದು ಅವನಿಗೂ ಗೊತ್ತಿರಲಿಕ್ಕಿಲ್ಲ.

ಪಾಳೆಯಗಾರನ ಕುದುರೆ ಬಾಗಿಲ ಮುಂದೆ ನಿಂತುಬಿಟ್ಟಿತು. ಅವನು ಹಿಮ್ಮಡಿಯಿಂದ ಒತ್ತಿದ, ಅದು ಕದಲಲಿಲ್ಲ. ಇಳಿದು ತಾನೇ ನಡೆದ. ಸ್ವಂತ ಕೋಟೆಯ ಹೊಸ್ತಿಲ ಮುಂದೆ ಅವನ ಕಾಲೂ ನಿಂತಿತು. ಮೇಲೆ ನೋಡಿದ. ಅವನು ಹೆದರಬೇಕಾದವರ ಪಟ್ಟಿಯಲ್ಲಿ ತನ್ನನ್ನು ಸೇರಿಸಿಕೊಂಡಿರಲಿಲ್ಲ. ಅವನಿಗೆ ಅವಮಾನವಾಯಿತು, ಅವಮಾನ ಸಿಟ್ಟಾಯಿತು.

"ಗೋಡೆಯೊಳಗೆ ಏನು ಹೂತಿದ್ದೀಯ?" ಎಂದು ಶಿಲ್ಪಿಯನ್ನು ಕೇಳಿದ. "ಹಿಂದೆ ಏನೋ ಇಟ್ಟಿದ್ದೀಯೆಂದು ಆಳುಗಳು ಆಡಿಕೊಳ್ಳುತ್ತಿದ್ದಾರೆ. ಇದು ಕೆತ್ತನೆಯಲ್ಲ, ಮಾಟ. ಮಾಟವಾಗಿದ್ದರೆ ನಿನ್ನ ಉಳಿಗಳ ಗತಿ ನಿನಗೆ ಗೊತ್ತು."

ಶಿಲ್ಪಿಗೆ ಬಾವಿಯ ನೆನಪಾಯಿತು. ಆದರೆ ಅವನಿಗೆ ಆ ಹೊತ್ತು ಪಾಳೆಯಗಾರನ ಹೆದರಿಕೆ ಅಷ್ಟಾಗಿ ಇರಲಿಲ್ಲ. ಅದಕ್ಕಿಂತ ದೊಡ್ಡದನ್ನು ಅವನು ಹತ್ತಿರದಿಂದ ನೋಡಿ ಬಂದಿದ್ದ.

"ಬನ್ನಿ ಬುದ್ಧಿ, ನೀವೇ ನೋಡಿ," ಎಂದ.

ಹೆಬ್ಬಾಗಿಲು ಬಿಟ್ಟು, ಪಕ್ಕದ ದಿಡ್ಡಿಬಾಗಿಲಿನಿಂದ ಪಾಳೆಯಗಾರ ತನ್ನ ಕೋಟೆಯನ್ನು ತಲೆ ತಗ್ಗಿಸಿ ಹೊಕ್ಕ. ಮೆಟ್ಟಿಲೇರಿ ಗೋಡೆಯ ಮೇಲೆ ಬಂದ. ಆಳುಗಳು ಚಪ್ಪಡಿ ಎತ್ತಿದರು. ಅವನು ಮಳೆಯಲ್ಲೇ ಮಂಡಿಯೂರಿ ಒಳಗೆ ಇಣುಕಿದ.

ನೀರು ಭೋರೆಂದು ಬಂದು, ಬಾಗಿ, ಬಳಸಿ, ಮೃಗದ ಗಂಟಲಿಗೆ ಹೋಗುತ್ತಿತ್ತು. ನಡುವೆ ಮರಿಗಳು ಬೆಚ್ಚಗೆ ಮಲಗಿದ್ದವು. ಪಾಳೆಯಗಾರ ಕೈಯಿಳಿಬಿಟ್ಟು ನಿದ್ದೆಯಲ್ಲಿದ್ದ ಮರಿಯ ಬೆನ್ನನ್ನು ಮುಟ್ಟಿದ. ಒಣಗಿತ್ತು. ಮಳೆ ಅವನ ರುಮಾಲಿನಿಂದ ಇಳಿದು ಗಡ್ಡದಲ್ಲಿ ತೊಟ್ಟಿಕ್ಕುತ್ತಿತ್ತು, ಆದರೆ ಮರಿ ಒಣಗಿತ್ತು. ಅವನು ಥಟ್ಟನೆ ತನ್ನ ಮೈಯನ್ನು ಗೂಡಿನ ಮೇಲೆ ಅಡ್ಡ ಬಾಗಿಸಿದ, ತೆರೆದ ಕಡೆಯಿಂದ ಹನಿ ಒಳಗೆ ಬೀಳದಿರಲಿ ಎಂದು. ಆಳುಗಳು ಬಾಯ ಮೇಲೆ ಕೈಯಿಟ್ಟುಕೊಂಡರು. ಅವರ ದೊರೆ ಹೀಗೆ ಬಗ್ಗಿದ್ದನ್ನು ಅವರು ಕಂಡಿರಲಿಲ್ಲ.

"ಇದನ್ನು ಯಾರು ನೋಡುತ್ತಾರೆ?" ಎಂದು ಪಾಳೆಯಗಾರ ಕೇಳಿದ. ಅವನ ದನಿ ತಗ್ಗಿತ್ತು.

"ಯಾರೂ ನೋಡಬಾರದು ಅಂತಲೇ ಅದು ಬಾಗಿಲಲ್ಲಿ ಕೂತಿರೋದು, ಬುದ್ಧಿ."

ಪಾಳೆಯಗಾರ ಎದ್ದು ಗೋಡೆಯಂಚಿಗೆ ಬಂದ. ಒಂದು ಕಡೆ, ಕೋಟೆಯ ಒಳಗೆ, ಅವನ ಅರಮನೆ, ಅವನ ಖಜಾನೆ, ಅವನ ಲಾಯ. ಇನ್ನೊಂದು ಕಡೆ, ಬಾಗಿಲ ಹೊರಗೆ, ಮಳೆಯಲ್ಲಿ ನೆನೆಯುತ್ತ ಪೇಟೆಯ ಜನ. ಅವರ ಕೇರಿಗಳೆಲ್ಲ ಗೋಡೆಯ ಹೊರಗೇ ಉಳಿದಿದ್ದವು. ನೇಕಾರರು, ಕುಂಬಾರರು, ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡ ಹೆಂಗಸರು, ಎಲ್ಲರೂ ಮೇಲೆ ನೋಡುತ್ತಿದ್ದರು. ಮೃಗ ಹಲ್ಲು ತೆರೆದಿದ್ದು ಅವರ ಕಡೆಗೆ. ಅವನು ಆ ಕಡೆ ನೋಡಿದ, ಈ ಕಡೆ ನೋಡಿದ. ಆಮೇಲೆ ಆಳುಗಳನ್ನು ಸರಿಸಿ, ಚಪ್ಪಡಿಗೆ ತಾನೇ ಕೈಹಾಕಿ, ಸದ್ದಾಗದಂತೆ ಮುಚ್ಚಿದ.

ಆ ವರ್ಷವೇ ಕೇರಿಗಳನ್ನೆಲ್ಲ ಒಳಗೆ ಸೇರಿಸಿ ಇನ್ನೊಂದು ಸುತ್ತಿನ ಗೋಡೆ ಏಳಲು ಶುರುವಾಯಿತು. ಅದಕ್ಕೆ ಕಲ್ಲು ಕಡಿಯುವ ಯಜಮಾನಿಕೆ ಶಿಲ್ಪಿಗೂ ಅವನ ಮಕ್ಕಳಿಗೂ ಬಂತು. ಬಾವಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಹೊಸ ಹೆಬ್ಬಾಗಿಲು ನಿಂತ ಮೇಲೆ ಮೃಗವನ್ನು ಅಲ್ಲಿಗೆ ಸಾಗಿಸಿದರು. ಹಗ್ಗ ಹಿಡಿದ ಆಳುಗಳಿಗೆ ಪಾಳೆಯಗಾರ ಒಂದೇ ಮಾತು ಹೇಳಿದ. "ಮೆಲ್ಲಗೆ, ಮರಿಗಳು ಎದ್ದ ಹಾಗಾಗದಿರಲಿ." ಅದನ್ನು ಕೇಳಿ ಯಾರೂ ನಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ವಿನುತಾ ಆಗಲೇ ಫೋನು ಕೈಗೆತ್ತಿಕೊಂಡಿದ್ದಳು. ಅವಳ ಮುಖದಲ್ಲಿ ಕಳೆ ಬಂದಿತ್ತು. "ತಿಳಿಯಿತು ಗುರುಗಳೇ. ಕೊಂಬು ತೆಗೆಯುತ್ತೇನೆ, ಬಾಯಿ ಚಿಕ್ಕದು ಮಾಡುತ್ತೇನೆ. ಹಿಂದೆ ಮರಿಗಳನ್ನೂ ಮಾಡಲೇ?"

ಗುರುಗಳು ಅವಳನ್ನೇ ನೋಡಿದರು.

"ನಿನ್ನ ಕೋಟೆಯ ಒಳಗೆ ಯಾರಿದ್ದಾರಮ್ಮ?"

ವಿನುತಾ ಫೋನಿನಲ್ಲಿ ಮೃಗದ ಚಿತ್ರವನ್ನು ಸರಿಸಿ ಕೋಟೆಯ ಚಿತ್ರ ತೆರೆದಳು. ಬಾಗಿಲ ಹಿಂದೆ ಅವಳು ಇನ್ನೂ ಯಾರನ್ನೂ ಮಾಡಿರಲಿಲ್ಲ.